ಬಿಟ್ಟುಹೋದ ಒಂದು ಪದ

ನಮ್ಮ ವಠಾರದಲ್ಲಿ ಆಗ ಇದ್ದವರನ್ನು ಯಾರನ್ನೇ ಕೇಳಿ, ಒಂದೇ ಕಥೆ ಹೇಳುತ್ತಾರೆ. ಕೊನೇ ಮನೆಯಾಕೆಯ ಮಗಳನ್ನು ಪೋಲೀಸಿನವರು ಕರೆದುಕೊಂಡು ಹೋಗಿ ಸರ್ಕಾರದ ಅನಾಥ ಮಕ್ಕಳ ಹೋಮಿಗೆ ಹಾಕಿದರು. ಆ ತಾಯಿ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಕಾಲು ಹಿಡಿದು ಗೋಳೋ ಎಂದು ಅತ್ತಳು. ಹೆತ್ತ ಕರುಳಿನ ಸಂಕಟ ನೋಡಿ ಅವರ ಮನಸ್ಸು ಕರಗಿತು, ಮಗು ವಾಪಸು ಬಂತು. ಹೇಳುವವರ ಕಣ್ಣು ಒದ್ದೆಯಾಗುತ್ತದೆ, ಕೇಳುವವರದೂ ಆಗುತ್ತದೆ. ಆಮೇಲೆ ಯಾರಾದರೂ ಕಾಫಿ ತರುತ್ತಾರೆ.

ನನಗೆ ಈ ಕಥೆಯ ಮೇಲೆ ಆಕ್ಷೇಪಣೆ ಇದೆ. ಆಕೆ ಅಳಲಿಲ್ಲ. ನಾನು ಆಕೆಯಿಂದ ನಾಲ್ಕು ಮೊಳ ದೂರದಲ್ಲಿ ಕೂತಿದ್ದೆ. ಯಾರ ಕಾಲಿಗೂ ಬೀಳಲಿಲ್ಲ. ಮೇಜಿನ ಕೆಳಗೆ ಮ್ಯಾಜಿಸ್ಟ್ರೇಟರ ಕಾಲು ಕಾಣುತ್ತಲೂ ಇರಲಿಲ್ಲ. ಅದೂ ಬೇಡ, ವಾದಕ್ಕೆ ಅತ್ತಳೆಂದೇ ಇಟ್ಟುಕೊಳ್ಳೋಣ. ಕಣ್ಣೀರಿಗೆ ಮಕ್ಕಳು ವಾಪಸು ಬರುವುದಾಗಿದ್ದರೆ, ಅವತ್ತು ಹೊರಗಿನ ಜಗಲಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದ ಉಳಿದ ಹೆಂಗಸರೆಲ್ಲ ಯಾಕೆ ಬರಿಗೈಯಲ್ಲಿ ಹೋದರು? ಇನ್ನೂ ಒಂದು ಮಾತು. ಈ ಕಥೆ ಯಾವಾಗಲೂ ‘ಪೋಲೀಸಿನವರು ಕರೆದುಕೊಂಡು ಹೋದರು’ ಎಂಬಲ್ಲಿಂದ ಶುರುವಾಗುತ್ತದೆ. ಅವರು ಕರೆದುಕೊಂಡು ಹೋಗುವುದಕ್ಕೆ ಒಂದು ಕಾಗದ ಬೇಕಾಗಿತ್ತು. ಆ ಕಾಗದ ಎಲ್ಲಿಂದ ಬಂತು ಎಂದು ಯಾರೂ ಹೇಳುವುದಿಲ್ಲ. ನಾನೂ ಇಷ್ಟು ದಿನ ಹೇಳಿರಲಿಲ್ಲ.

ರಾಜ್ಯ ಒಂದಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ರಾಜಾಜಿನಗರ ಆಗಿನ್ನೂ ಕಲ್ಲು ನೆಟ್ಟ ಬಯಲು. ಸೈಟಿನ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಮುಳ್ಳುಗಿಡ. ಅಲ್ಲೊಂದು ಇಲ್ಲೊಂದು ಮನೆ ಎದ್ದು ನಿಂತು ತಾನು ಬಂದದ್ದು ಬೇಗವಾಯಿತೇನೋ ಎಂದು ಆಚೀಚೆ ನೋಡುತ್ತಿತ್ತು. ಆ ಕಲ್ಲುಗಳಿಗೂ ಮಾಗಡಿ ರೋಡಿಗೂ ನಡುವೆ ನಮ್ಮ ವಠಾರ. ಎದುರುಬದುರು ಹನ್ನೊಂದು ಮನೆ, ನಡುವೆ ಬಾವಿ, ಹಿಂದೆ ಇನ್ನೂ ಉಳುತ್ತಿದ್ದ ಹೊಲ. ಹೊಲವೂ ವಠಾರವೂ ಒಬ್ಬಳೇ ಮುದುಕಿಯದು. ಎಲ್ಲರೂ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ತನ್ನ ರಾಗಿ ಹೊಲದ ಮೇಲೇ ಹೆಂಚಿನ ಮನೆಗಳು ಎದ್ದದ್ದನ್ನು ಆಕೆ ಪೂರ್ತಿ ನಂಬಿರಲಿಲ್ಲ. ಬಚ್ಚಲ ನೀರು ಹರಿದಲ್ಲೆಲ್ಲ ಅವರೆ ಬೀಜ ಊರುತ್ತಿದ್ದಳು.

ಮಧ್ಯಾಹ್ನ ಮಿಲ್ಲಿನ ಸಿಳ್ಳೆ ಕೂಗಿದ ಮೇಲೆ ವಠಾರದ ಹೆಂಗಸರು ಅಂಗಳದಲ್ಲಿ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದರು. ಕರೀ ಹಿಟ್ಟು, ಬಿದಿರುಕಡ್ಡಿ, ಅಂಗೈ ಒಂದು ಸಲ ಮುಂದೆ ಹೋಗಿ ಹಿಂದೆ ಬಂದರೆ ಒಂದು ಬತ್ತಿ. ಬಾಯಿ ಮಾತಾಡುತ್ತಲೇ ಇರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಹೊಸೆದ ಬತ್ತಿಗಳನ್ನು ಬಿಸಿಲಿಗೆ ಹರಡಿದರೆ ಇಡೀ ಅಂಗಳ ಘಮಘಮ. ನನ್ನ ಜಡೆಯಿಂದಲೂ ಅದೇ ವಾಸನೆ, ಕಾಲೇಜಿನಲ್ಲಿ ಪಕ್ಕದವಳು ದಿನಾ ಕೇಳುವಳು, “ಏನೇ, ಇವತ್ತೂ ದೇವಸ್ಥಾನ ಮುಗಿಸಿಕೊಂಡು ಬಂದ್ಯಾ?” ಆಗ ನಾಚಿಕೆಯಾಗುತ್ತಿತ್ತು. ಈಗ ಯಾವುದಾದರೂ ಅಂಗಡಿಯ ಮುಂದೆ ಆ ವಾಸನೆ ಬಂದರೆ ನಿಂತುಬಿಡುತ್ತೇನೆ.

ಎಲ್ಲರಿಗಿಂತ ಬೇಗ ಹೊಸೆಯುತ್ತಿದ್ದವಳು ಕೊನೇ ಮನೆ ಅಕ್ಕ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಆರು ವರ್ಷದ ಮಗಳೊಬ್ಬಳೇ. ಪುಟ್ಟಿ ಎನ್ನುತ್ತಿದ್ದೆವು. ಅದು ಹೆಸರೇನಲ್ಲ, ವಠಾರದಲ್ಲಿ ಇನ್ನೂ ಮೂವರು ಪುಟ್ಟಿಯರಿದ್ದರು. ಆದರೆ ಸಂಜೆ ಹೊತ್ತು ಬಾವಿ ಕಟ್ಟೆಯ ಮೇಲೆ ನಿಂತು “ಇವತ್ತು ಯಾರ ಮನೇಲಿ ಏನು ಸಾರು?” ಎಂದು ಕೂಗಿ ವಿಚಾರಿಸಿ, ಆಮೇಲೆ ಯಾರ ಮನೆಯಲ್ಲಿ ಉಣ್ಣುವುದೆಂದು ತೀರ್ಮಾನಿಸುತ್ತಿದ್ದ ಪುಟ್ಟಿ ಇವಳೊಬ್ಬಳೇ. ನಮ್ಮ ಅಮ್ಮನಿಗೆ ಅವಳು ಬಂದು ತಟ್ಟೆ ಮುಂದೆ ಕೂತರೆ ಎಂಥದೋ ಬಿರುದು ಸಿಕ್ಕಿದಷ್ಟು ಸಂತೋಷ.

ನನ್ನನ್ನು ವಠಾರದವರು ‘ಲಾಯರಮ್ಮ’ ಎನ್ನುತ್ತಿದ್ದರು. ಇಂಟರ್‌ಮೀಡಿಯೆಟ್ ಮೊದಲ ವರ್ಷದಲ್ಲೇ ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ತಂದಿದ್ದೆ. ಒಂದು ಸಲ ಏಕೀಕರಣ ಬೇಕು ಎಂದು, ಇನ್ನೊಂದು ಸಲ ಬೇಡ ಎಂದು. ಯಾವ ಕಡೆಗಾದರೂ ಮಾತಾಡಬಲ್ಲೆನೆಂಬುದೇ ಆಗ ನನ್ನ ದೊಡ್ಡ ಹೆಮ್ಮೆ. ಸೊಪ್ಪಿನವಳ ಹತ್ತಿರವೂ ಪೂರ್ವಪಕ್ಷ, ಸಿದ್ಧಾಂತ. ದೊಡ್ಡಮ್ಮ ಹೇಳುವಳು, “ಇವಳ್ನ ಕಟ್ಕೊಳ್ಳೋನು ಮದ್ಲು ಕಿವೀಗೆ ಅತ್ತಿ ಮಡಿಕ್ಕಬೇಕು ಕಣವ್ವ.”

ಇಲ್ಲಿ ಒಂದು ಮಾತಿನ ಬಳಕೆಯನ್ನು ಹೇಳಲೇಬೇಕು. ವಠಾರದಲ್ಲಿ ಎಲ್ಲರೂ ಎಲ್ಲವನ್ನೂ ಎಲ್ಲರ ಮನೆಯಲ್ಲಿ ‘ಬಿಟ್ಟು ಹೋಗುತ್ತಿದ್ದರು’. ಬೀಗದ ಕೈ ಬಿಟ್ಟು ಹೋಗುತ್ತಿದ್ದರು. ಮೊಸರಿನ ಪಾತ್ರೆ ಬಿಟ್ಟು ಹೋಗುತ್ತಿದ್ದರು. ಅತ್ತೆಯನ್ನು ಬಿಟ್ಟು ಸಿನಿಮಾಕ್ಕೆ ಹೋಗುತ್ತಿದ್ದರು. ಮಕ್ಕಳನ್ನಂತೂ ದಿನಕ್ಕೆ ಹತ್ತು ಸಲ. ನಮ್ಮಲ್ಲಿ ಬಿಟ್ಟು ಹೋಗುವುದೆಂದರೆ ನಂಬಿ ಹೋಗುವುದು ಎಂದೇ ಅರ್ಥ. ನಂಬದವರ ಮನೆಯಲ್ಲಿ ಯಾರೂ ಏನೂ ಬಿಡುತ್ತಿರಲಿಲ್ಲ.

ಹಾಗೆ ಒಂದು ದಿನ ಕೊನೇ ಮನೆ ಅಕ್ಕ ತವರಿನಿಂದ ಸುದ್ದಿ ಬಂದು ಹೊರಟಳು. ತಾಯಿಗೆ ಕಾಯಿಲೆ ಜಾಸ್ತಿಯಂತೆ. ಪುಟ್ಟಿಯನ್ನು ದೊಡ್ಡಮ್ಮನ ಮನೆ ಬಾಗಿಲಿಗೆ ತಂದು ನಿಲ್ಲಿಸಿ, “ಎಂಟು ದಿನ ದೊಡ್ಡವ್ವ, ಓಗಿ ಬತ್ತೀನಿ. ಆ ಜ್ವರದ ಮನೇಗೆ ಕೂಸ್ನ ಎಂಗ್ ಕರ್ಕೊಂಡೋಗ್ಲಿ?” ಎಂದಳು.

“ಓಗು ಓಗು. ಹನ್ನೊಂದ್ ಮನೇಲಿ ಇವಳೊಬ್ಳು ಎಚ್ಚಾದಾಳಾ?” ಎಂದಳು ದೊಡ್ಡಮ್ಮ.

ಎಂಟು ದಿನ ಹದಿನೈದಾಯಿತು, ತಿಂಗಳಾಯಿತು. ಅಲ್ಲಿ ತಾಯಿ ತೀರಿಕೊಂಡಿದ್ದಳು; ತಿಥಿ ಮುಗಿಯುವ ಹೊತ್ತಿಗೆ ಅದೇ ವಿಷಮಶೀತಜ್ವರ ಅಕ್ಕನಿಗೂ ಹತ್ತಿತ್ತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ನಮಗೆ ಗೊತ್ತಿದ್ದದ್ದು ‘ಮಾಗಡಿ ಕಡೆ’ ಎಂದಷ್ಟೇ. ಊರಿನ ಹೆಸರು ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೂರು ವರ್ಷ ಅವಳ ಹುಳಿಸೊಪ್ಪು ತಿಂದಿದ್ದೆವು, ಊರು ಯಾವುದೆಂದು ಕೇಳಿರಲಿಲ್ಲ.

ಪುಟ್ಟಿ ಮೊದಲ ವಾರ ಬಾವಿ ಕಟ್ಟೆಯ ಮೇಲೆ ಸಾರಿನ ವಿಚಾರಣೆ ನಡೆಸಿದಳು. ಎರಡನೇ ವಾರ ಕೂಗುವುದನ್ನು ನಿಲ್ಲಿಸಿದಳು. ಆಮೇಲೆ ಬೆಳಗಾದರೆ ಮಾಗಡಿ ರೋಡಿನ ಬಸ್ಸು ನಿಲ್ಲುವ ಆಲದ ಮರದ ಕೆಳಗೆ ಹೋಗಿ ಕೂರತೊಡಗಿದಳು. ಯಾರಾದರೂ ಹೋಗಿ ಕರೆದುಕೊಂಡು ಬರುವರು, ಮತ್ತೆ ಹೋಗುವಳು. ಬಸ್ಸಿನಿಂದ ಇಳಿದವರನ್ನೆಲ್ಲ “ನಮ್ಮವ್ವ ಹಿಂದಿನ ಬಸ್ಸಲ್ಲಿ ಅವಳಾ?” ಎಂದು ಕೇಳುತ್ತಿದ್ದಳಂತೆ.

ಒಂದು ಭಾನುವಾರ ಪೋಲೀಸು ಪೇದೆಯೊಬ್ಬ ಅವಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ವಠಾರಕ್ಕೆ ಬಂದ. ಕೆಟ್ಟವನಲ್ಲ. ಅವಳ ಕೈಗೆ ಕಡ್ಲೆಪುರಿ ಪೊಟ್ಟಣ ಕೊಡಿಸಿದ್ದ. ದಿನಾ ಒಂಟಿಯಾಗಿ ಕೂರುವ ಮಗುವನ್ನು ಕಂಡು ಯಾರೋ ಠಾಣೆಗೆ ಹೇಳಿದ್ದರು.

“ಈ ಮಗೂಗೆ ಅಪ್ಪ ಅಮ್ಮ ಯಾರೂ ಇಲ್ವಾ?” ಎಂದ.

ದೊಡ್ಡಮ್ಮ ಒಲೆ ಮುಂದಿನಿಂದಲೇ ಹೇಳಿದಳು: “ಅಪ್ಪ ಸತ್ತೋದ. ಅವ್ವ ಇವಳ್ನ ನಮ್ಮನೇಲಿ ಬುಟ್ಟೋಗವ್ಳೆ. ಎಂಟ್ ದಿನ ಅಂದ್ಲು, ತಿಂಗ್ಳಾಯ್ತು, ಪತ್ತೆ ಇಲ್ಲ.”

“ಅದನ್ನೇ ಒಂದು ಹೇಳಿಕೆ ಬರೆದುಕೊಡಿ. ಇಲ್ಲೇ ಬಿಟ್ರೆ ನಾಳೆ ಲಾರಿಗೀರಿಗೆ ಸಿಕ್ಕೊಂಡ್ರೆ ಯಾರು ಜವಾಬ್ದಾರಿ? ಹೋಮಲ್ಲಿ ಊಟ, ಬಟ್ಟೆ, ಸ್ಕೂಲು ಎಲ್ಲಾ ಇದೆ. ತಾಯಿ ಬಂದ್ರೆ ಕರ್ಕೊಂಡ್ ಬರ್ತಾಳೆ.”

ವಠಾರದಲ್ಲಿ ಕಾಗದ ಪತ್ರ ಬರೆಯುತ್ತಿದ್ದವರು ನಮ್ಮ ಅಪ್ಪ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಆ ವಾರ ಅವರ ಬಲಗೈ ತೋರುಬೆರಳಿಗೆ ಉಗುರುಸುತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೈ ಎತ್ತಿಕೊಂಡೇ ಓಡಾಡುತ್ತಿದ್ದರು. ಪೇದೆಯನ್ನು ನಮ್ಮ ಮನೆಯ ಒಳಗೆ ಕೂರಿಸಿ, ಅಮ್ಮನಿಗೆ ಮಜ್ಜಿಗೆ ತರಲು ಹೇಳಿ, ನನಗೆಂದರು: “ನೀನು ಬರಿ. ನಿನ್ನ ಅಕ್ಷರ ಚೆನ್ನಾಗಿದೆ.”

ನಾನು ಬರೆದೆ. ‘ಬಿಟ್ಟು ಹೋಗಿದ್ದಾಳೆ’ ಎಂದು ಬರೆಯಲು ಕೈ ಬರಲಿಲ್ಲ. ಸಪ್ಪೆ ಮಾತು, ಎರಡು ಬಹುಮಾನ ತಂದವಳು ಹಾಗೆ ಬರೆಯುವುದೇ? ‘ಸದರಿ ಬಾಲಕಿಯ ತಾಯಿಯು ತನ್ನ ಏಕಮಾತ್ರ ಪುತ್ರಿಯನ್ನು ನಿರ್ದಾಕ್ಷಿಣ್ಯವಾಗಿ ಪರಿತ್ಯಜಿಸಿ ಹೋಗಿರುತ್ತಾಳೆ’ ಎಂದು ಬರೆದೆ. ದೊಡ್ಡಮ್ಮ ಹೇಳಿದ ‘ನಮ್ಮನೇಲಿ’ ಎಂಬ ಪದ ಎಲ್ಲಿ ಹೋಯಿತು? ಅದನ್ನು ಬೇಕೆಂದೇನೂ ತೆಗೆಯಲಿಲ್ಲ. ‘ನಮ್ಮ ಮನೆಯಲ್ಲಿ ಪರಿತ್ಯಜಿಸಿ’ ಎಂದರೆ ವಾಕ್ಯ ಸರಿಹೋಗುವುದಿಲ್ಲ, ನೋಡಿ. ‘ಬಿಟ್ಟು’ ಎಂಬುದಕ್ಕೆ ಒಂದು ಮನೆ ಬೇಕು. ‘ಪರಿತ್ಯಜಿಸಿ’ಗೆ ಯಾವ ಮನೆಯೂ ಬೇಡ. ವ್ಯಾಕರಣ ಸುಂದರವಾಗಲೆಂದು ನಾನು ಆ ಮನೆಯನ್ನು ಕೈಬಿಟ್ಟೆ.

ಕೊನೆಗೆ ಪೇದೆ ಹೇಳಿ ಬರೆಸಿದ: ‘ಓದಿ ಹೇಳಲಾಗಿ ಕೇಳಿ ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತೇನೆ.’ ಅಪ್ಪ ಕಾಗದ ಹಿಡಿದು ಅಂಗಳಕ್ಕೆ ಹೋದರು. ದೊಡ್ಡಮ್ಮ ಅಷ್ಟರಲ್ಲಿ ಊದುಬತ್ತಿ ಮಣೆಯ ಮುಂದೆ ಬಂದು ಕೂತಿದ್ದಳು. ಹೆಬ್ಬೆರಳು ಮೊದಲೇ ಕಪ್ಪಾಗಿತ್ತು, ಮಸಿ ಬೇಕಾಗಲಿಲ್ಲ. ಒಲೆಯ ಮೇಲೆ ಹುರುಳಿ ಸೀಯುವ ವಾಸನೆ ಬಂತು. ಒತ್ತಿದವಳೇ ಒಳಗೆ ಓಡಿದಳು. ಯಾರೂ ಓದಿ ಹೇಳಲಿಲ್ಲ, ಆಕೆ ಕೇಳಲೂ ಇಲ್ಲ. ಆ ಕಾಗದದಲ್ಲಿ ನಾನು ಬರೆದ ಕೊನೆಯ ಸಾಲೇ ಪೂರ್ತಿ ಸುಳ್ಳು.

ಪುಟ್ಟಿ ಮತ್ತೆ ಸೈಕಲ್ಲಿನ ಕಂಬಿಯ ಮೇಲೆ ಕೂತು ಹೋದಳು. ಅವ್ವನನ್ನು ಕರೆತರಲು ಹೋಗುತ್ತಿದ್ದೇನೆಂದುಕೊಂಡಿದ್ದಳು. ನಮಗೆಲ್ಲ ಕೈ ಬೀಸಿದಳು.

ಹತ್ತು ದಿನ ಕಳೆದ ಮೇಲೆ ಕೋರ್ಟಿನವರು ಬಂದು ಕೊನೇ ಮನೆಯ ಬಾಗಿಲಿಗೆ ನೋಟೀಸು ಅಂಟಿಸಿದರು. ಇಂಥ ದಿನ ಹಾಜರಾಗಿ, ಮಗುವನ್ನು ಯಾಕೆ ಸರ್ಕಾರದ ವಶಕ್ಕೆ ಒಪ್ಪಿಸಬಾರದೆಂದು ಕಾರಣ ಹೇಳತಕ್ಕದ್ದು ಎಂದು. ಬೀಗ ಹಾಕಿದ ಬಾಗಿಲು, ಊರಲ್ಲಿಲ್ಲದ ಹೆಂಗಸು, ಓದಲು ಬಾರದವಳು. ಆದರೂ ಬಾಗಿಲಿಗೆ ಗೋಂದು ಹಚ್ಚಿದ ಕ್ಷಣದಿಂದ ಆಕೆಗೆ ತಿಳಿಸಿದಂತಾಯಿತು ಎಂದು ಕಾಯಿದೆ ನಂಬುತ್ತದೆ. ಕಾಯಿದೆಯನ್ನು ಬೈಯುವುದು ಸುಲಭ. ಆ ನೋಟೀಸನ್ನು ಓದಲು ಬರುತ್ತಿದ್ದವರೆಲ್ಲ ಓದಿದೆವು. ದಿನಾ ಮಾಗಡಿಗೆ ಬಸ್ಸು ಹೋಗುತ್ತಿತ್ತು. ಒಬ್ಬರೂ ಹತ್ತಲಿಲ್ಲ. ಯಾವ ಊರಿಗೆಂದು ಹೋಗುವುದು ಎಂದು ನಮಗೆ ನಾವೇ ಕೇಳಿಕೊಂಡೆವು, ಉತ್ತರವಿಲ್ಲವೆಂದು ಸಮಾಧಾನಪಟ್ಟುಕೊಂಡೆವು.

ನೋಟೀಸಿನಲ್ಲಿದ್ದ ದಿನ ಕಳೆದ ಮೂರನೇ ಬೆಳಿಗ್ಗೆ ಅಕ್ಕ ಬಂದಳು. ಜ್ವರಕ್ಕೆ ತಲೆಗೂದಲೆಲ್ಲ ಉದುರಿ, ಸೆರಗು ಹೊದ್ದುಕೊಂಡು, ಗುರುತೇ ಸಿಗುತ್ತಿರಲಿಲ್ಲ. ಬಾವಿ ಕಟ್ಟೆಯ ಕಡೆ ನೋಡಿ, “ಎಲ್ಲಿ ದೊಡ್ಡವ್ವ ನನ್ ಮಗ?” ಎಂದಳು. ನಮ್ಮ ಕಡೆ ಹೆಣ್ಣು ಮಗುವನ್ನೂ ಹಾಗೆಯೇ ಅನ್ನುವುದು.

ದೊಡ್ಡಮ್ಮ ಹೇಳಿದಳು. ಅಕ್ಕ ನೀರು ಕೂಡ ಕುಡಿಯದೆ ಹೋಮಿಗೆ ನಡೆದಳು. ಕಿಟಕಿಯ ಸರಳಿನಾಚೆಯಿಂದ ಪುಟ್ಟಿಯನ್ನು ತೋರಿಸಿದರಂತೆ. ತಲೆ ಬೋಳಿಸಿ, ಖಾಕಿ ಲಂಗ ತೊಡಿಸಿದ್ದರು. ತಾಯಿಯ ತಲೆಯಲ್ಲೂ ಕೂದಲಿಲ್ಲ, ಮಗಳ ತಲೆಯಲ್ಲೂ ಇಲ್ಲ. ಇಬ್ಬರಿಗೂ ಒಂದು ಗಳಿಗೆ ಒಬ್ಬರಿಗೊಬ್ಬರು ಗೊತ್ತಾಗಲಿಲ್ಲವಂತೆ. ಹೋಮಿನ ಕಚೇರಿಯ ಗುಮಾಸ್ತ ಕೇಳಿದ, “ಮಗೂನ ಬಿಟ್ಟು ಹೋಗಿದ್ದು ಹೌದೋ ಅಲ್ವೋ? ಒಂದೇ ಮಾತು ಹೇಳು.”

“ಊಂ ಸಾಮಿ, ಬುಟ್ಟೋಗಿದ್ದೆ,” ಎಂದಳು ಅಕ್ಕ. ಬಿಟ್ಟು ಹೋಗಿದ್ದಳಲ್ಲ, ನಿಜವನ್ನೇ ಹೇಳಿದಳು.

ಅವನು ಅದನ್ನೂ ಬರೆದುಕೊಂಡ: ತಾಯಿ ಒಪ್ಪಿಕೊಂಡಿದ್ದಾಳೆ. ಮುಂದಿನ ಬುಧವಾರ ಕೊನೆಯ ವಿಚಾರಣೆ. ಅವತ್ತು ತಕ್ಕ ಕಾರಣ ಕಾಣದಿದ್ದರೆ ಮಗುವನ್ನು ಬೇರೆ ಊರಿನ ಶಾಲೆಗೆ ಕಳಿಸುತ್ತಾರೆ, ದೊಡ್ಡವಳಾಗುವ ತನಕ ಅಲ್ಲೇ ಇರುತ್ತಾಳೆ ಎಂದ.

ಸಂಜೆ ಅಂಗಳದಲ್ಲಿ ಎಲ್ಲರ ನಡುವೆ ಕೂತು ಅಕ್ಕ ಇದನ್ನೆಲ್ಲ ಹೇಳಿದಳು. “ಒಂದ್ ಕಾಗ್ದ ಐತಂತೆ. ಅದ್ರಲ್ಲಿ ಏನೋ ಪರಿ... ಪರಿತ್ಯಾಗವೋ ಏನೋ ಅಂತ ಬರ್ದವ್ರಂತೆ. ಅಂಗಂದ್ರೇನು ಲಾಯರಮ್ಮ?”

ನಾನು ಚೆಲ್ಲಿದ್ದ ಬಿದಿರುಕಡ್ಡಿಗಳನ್ನು ಜೋಡಿಸತೊಡಗಿದೆ. “ಬಿಡೋದು ಅಂತ, ಅಕ್ಕ,” ಎಂದೆ.

“ಬುಡಾದು ಅನ್ನಾಕೆ ಅಷ್ಟುದ್ದ ಯಾಕೆ?”

ಯಾವ ವೇದಿಕೆಯ ಮೇಲೂ ಯಾರೂ ನನಗೆ ಅಂಥ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ಹೋಗಿ ಹೇಳಿದೆ. ನಾನು ಬರೆದದ್ದೇನು, ಬಿಟ್ಟದ್ದೇನು ಎಂದು. ಅವರು ಆ ಕಾಗದವನ್ನು ಓದಿ ನೋಡಿರಲಿಲ್ಲ. ಮಗಳ ಅಕ್ಷರ ಚೆನ್ನಾಗಿದೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು. ಅರ್ಧಕ್ಕೆ ಬಂದಿದ್ದ ಕೊಡವನ್ನು ಪೂರ್ತಿ ಸೇದಿ ಕಟ್ಟೆಯ ಮೇಲಿಟ್ಟರು.

“ಬುಧವಾರ ರಜ ಹಾಕ್ತೀನಿ. ನೀನೂ ಬಾ,” ಎಂದರು.

ನಾನು ಭಾಷಣ ತಯಾರಿಸಿದೆ. ನಿಜವಾಗಿ ಹೇಳುತ್ತಿದ್ದೇನೆ, ನಾಲ್ಕು ಪುಟ. ತಾಯಿಯ ಹಕ್ಕು, ನ್ಯಾಯದ ತಕ್ಕಡಿ, ಎಲ್ಲ ಇತ್ತು. ಕೊನೆಯಲ್ಲಿ ‘ಈ ತಪ್ಪು ನನ್ನದು’ ಎಂಬ ಸಾಲೂ ಇತ್ತು. ಅದನ್ನು ಎಲ್ಲಿ ದನಿ ಇಳಿಸಿ ಹೇಳಬೇಕೆಂದು ಗುರುತು ಹಾಕಿಕೊಂಡಿದ್ದೆ.

ಮಕ್ಕಳ ಕೋರ್ಟೆಂದರೆ ಕಟಕಟೆ ಇರುವ ಕೋರ್ಟಲ್ಲ. ಹೋಮಿನ ಮುಂದಿನ ಹಜಾರದಲ್ಲಿ ವಾರಕ್ಕೊಂದು ದಿನ ಮೇಜು ಹಾಕುತ್ತಿದ್ದರು. ಮೈಸೂರು ಪೇಟ ಕಟ್ಟಿದ, ಮೂಗು ಕಟ್ಟಿದ ದನಿಯ ವಯಸ್ಸಾದ ಮ್ಯಾಜಿಸ್ಟ್ರೇಟರು. ಪಕ್ಕದಲ್ಲಿ ಆ ಗುಮಾಸ್ತ. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗುಮಾಸ್ತ, “ನೀನು ಯಾರಮ್ಮ? ಸಂಬಂಧ ಇಲ್ಲದವರು ಮಾತಾಡೋ ಹಾಗಿಲ್ಲ, ಕೂತ್ಕೊ,” ಎಂದ. ಕೂತೆ. ನಾಲ್ಕು ಪುಟವೂ ಮಡಿಲಲ್ಲೇ ಉಳಿಯಿತು.

ಮ್ಯಾಜಿಸ್ಟ್ರೇಟರು ಕಡತ ತಿರುವಿ, “ತಾಯಿ ಒಪ್ಪಿಕೊಂಡಿದ್ದಾಳೆ. ಇನ್ನೇನು ಹೇಳೋದಿದೆಯಮ್ಮ?” ಎಂದರು.

ವಠಾರದ ಕಥೆಯಲ್ಲಿ ಆಕೆ ಕಾಲಿಗೆ ಬೀಳುವುದು ಇಲ್ಲಿಯೇ. ನಿಜವಾಗಿ ನಡೆದದ್ದು ಹೀಗೆ. ಅಕ್ಕ ಸೆರಗು ಸರಿಮಾಡಿಕೊಂಡು ನಿಂತಲ್ಲೇ ಹೇಳಿದಳು: “ಸಾಮಿ, ನನ್ ಮ್ಯಾಲೆ ಏನ್ ಬರ್ದವ್ರೆ ಅದ್ನ ಮದ್ಲು ನಂಗೆ ಓದೇಳಿ. ಕೇಳ್ದಲೆ ಎಂಗ್ ಉತ್ತರ ಕೊಡ್ಲಿ?”

ಗುಮಾಸ್ತ ಬಾಯಿ ತೆರೆದ. ಮ್ಯಾಜಿಸ್ಟ್ರೇಟರು ಕೈ ಎತ್ತಿ ಅವನನ್ನು ತಡೆದು, ಕನ್ನಡಕ ಹಾಕಿಕೊಂಡು, ತಾವೇ ಓದಿದರು. ನನ್ನ ವಾಕ್ಯ ಆ ಹಜಾರದಲ್ಲಿ ಮೂಗಿನ ದನಿಯಲ್ಲಿ ಕೇಳಿಸಿತು. ‘ನಿರ್ದಾಕ್ಷಿಣ್ಯವಾಗಿ’ ಎಂಬಲ್ಲಿ ಅವರು ಒಂದು ಸಲ ತಡವರಿಸಿ ಮತ್ತೆ ಓದಿದರು.

ಬೆಂಚಿನ ಮೇಲೆ ಕೂತಿದ್ದ ದೊಡ್ಡಮ್ಮ ಎದ್ದಳು. “ಅದ್ಯಾರು ಸಾಮಿ ಅಂಗಂದೋರು?”

“ನೀವೇ ಅಲ್ವೇನಮ್ಮ? ನಿಮ್ಮ ಹೆಬ್ಬೆಟ್ಟಿದೆ.”

“ಎಬ್ಬೆಟ್ಟು ನಂದೇ. ಮಾತು ನಂದಲ್ಲ. ಆ ಮಾತು ನನ್ ಬಾಯಲ್ಲಿ ತಿರುಗೋದೂ ಇಲ್ಲ.”

ಜಗಲಿಯ ಕಡೆಯಿಂದ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. “ಹಾಗಾದ್ರೆ ನೀವು ಹೇಳಿದ್ದೇನು?”

“ನಮ್ಮನೇಲಿ ಬುಟ್ಟೋಗವ್ಳೆ ಅಂದೆ. ಬೀದೀಲಿ ಬುಟ್ಟೋಗವ್ಳೆ ಅಂದ್ನಾ? ನಮ್ಮನೇಲಿ. ಅದೇನ್ ತಪ್ಪು? ನಿಮ್ಮನೇಲಿ ಯಾರೂ ಮಕ್ಳ ಬುಟ್ಟೋಗಲ್ವಾ?”

“ಇದನ್ನ ನಿಮಗೆ ಓದಿ ಹೇಳಿದ್ರಾ?”

“ಇಲ್ಲ ಸಾಮಿ. ಉಳ್ಳಿಕಾಳು ಸೀತಿತ್ತು.”

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಕಾಗದವನ್ನು ಬೆಳಕಿಗೆ ಹಿಡಿದು ಅಕ್ಷರ ನೋಡಿ, “ಇದನ್ನ ಬರೆದವರು ಯಾರು?” ಎಂದರು.

ಕೇಳಬೇಕಾದ ಪ್ರಶ್ನೆ ಅದೇ. ನನ್ನ ಹತ್ತಿರ ಉತ್ತರವೂ ಇತ್ತು, ದನಿ ಎಲ್ಲಿ ಇಳಿಸಬೇಕೆಂಬ ಗುರುತಿನ ಸಮೇತ. ನಾನು ಏಳಲಿಲ್ಲ. ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು.

“ನಾನು ಸ್ವಾಮಿ,” ಎಂದು ಅಪ್ಪ ಎದ್ದು ನಿಂತರು.

ಅಕ್ಕ ತಿರುಗಿ ನೋಡಿದಳು. ಅಪ್ಪನ ಕಡೆಗಲ್ಲ, ನನ್ನ ಕಡೆಗೆ.

ಮ್ಯಾಜಿಸ್ಟ್ರೇಟರು ಏನು ಕೆಲಸವೆಂದು ಕೇಳಿ, ಅಪ್ಪನನ್ನು ತುಂಬ ಹೊತ್ತು ಬೈದರು. ಸರ್ಕಾರಿ ಅನ್ನ ತಿನ್ನುವವರು, ಓದು ಬರಹ ಬಲ್ಲವರು, ಇನ್ನೊಬ್ಬರ ಬಾಯಿಗೆ ತಮ್ಮ ಮಾತು ತುರುಕುತ್ತೀರಲ್ಲ ಎಂದರು. ಅಪ್ಪ ತಲೆ ತಗ್ಗಿಸಿ, ಹೌದು ಸ್ವಾಮಿ, ತಪ್ಪಾಯಿತು ಸ್ವಾಮಿ ಎಂದರು. ಆಮೇಲೆ ಆ ಹೇಳಿಕೆಯನ್ನು ಪಕ್ಕಕ್ಕಿಟ್ಟು, ದೊಡ್ಡಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಹೊಸದಾಗಿ ಬರೆಸಿ, ಓದಿ ಕೇಳಿಸಿ, ಒತ್ತಿಸಿದರು. ಅಕ್ಕನದನ್ನೂ ಹಾಗೆಯೇ. ಮಗುವನ್ನು ಅವತ್ತೇ ಕೊಡಲಿಲ್ಲ. ಪ್ರೊಬೇಷನ್ ಆಫೀಸರು ಬಂದು ಮನೆ ನೋಡಿ ವರದಿ ಕೊಡಲಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ದೊಡ್ಡಮ್ಮ ಇದ್ದಕ್ಕಿದ್ದಂತೆ ಕೇಳಿದಳು, “ಅಲ್ಲ ಸಾಮಿ, ಅವತ್ತು ನಿಮ್ ಬೆರಳ್ಗೆ ನಿಂಬೇಹಣ್ಣು ಸಿಗಾಕ್ಕಂಡಿದ್ರಲ್ಲ, ಎಂಗ್ ಬರುದ್ರಿ?”

“ಎಡಗೈಲಿ,” ಎಂದರು ಅಪ್ಪ.

“ಅದ್ಕೇಯ ಎಡವಟ್ಟಾಗಿರಾದು,” ಎಂದಳು ದೊಡ್ಡಮ್ಮ. ಮುಂದಿನ ಸೀಟಿನವರೂ ನಕ್ಕರು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಫೀಸರು ಬಂದರು. ಹನ್ನೊಂದು ಮನೆಯವರೂ ಹನ್ನೊಂದು ಲೋಟ ಕಾಫಿ ಹಿಡಿದು ನಿಂತದ್ದನ್ನು ನೋಡಿ ಹೆದರಿಕೊಂಡರು. ಹದಿನೈದು ದಿನಕ್ಕೆ ಪುಟ್ಟಿ ಬಂದಳು. ಖಾಕಿ ಲಂಗದಲ್ಲೇ ಬಂದು, ಬಾವಿ ಕಟ್ಟೆ ಹತ್ತದೆ, ದೊಡ್ಡಮ್ಮನ ಮುಂದೆ ಕೈ ಕಟ್ಟಿಕೊಂಡು ನಿಂತು, “ಊಟಕ್ಕೆ ಗಂಟೆ ಯಾವಾಗ?” ಎಂದಳು. ದೊಡ್ಡಮ್ಮ ಒಳಗೆ ಹೋಗಿ, ಒಂದು ತಟ್ಟೆಯನ್ನು ಸೌಟಿನಿಂದ ಬಡಿಯುತ್ತ ಹೊರಗೆ ಬಂದಳು. ಪುಟ್ಟಿ ನಕ್ಕಳು. ಮತ್ತೆ ಬಾವಿ ಕಟ್ಟೆ ಹತ್ತಿ ಸಾರಿನ ವಿಷಯ ಕೂಗಲು ಎರಡು ತಿಂಗಳು ಹಿಡಿಯಿತು. ಅವತ್ತು ನಮ್ಮ ಅಮ್ಮ ಸಾರಿಗೆ ಎರಡನೇ ಸಲ ಒಗ್ಗರಣೆ ಹಾಕಿದಳು.

ಆ ದಿನಗಳು ಹೋದವು. ಈಗ ಹೊಲದ ಜಾಗದಲ್ಲಿ ಕಲ್ಲು ನೆಟ್ಟಿದ್ದಾರೆ. ಕಲ್ಲುಗಳಿದ್ದ ಕಡೆ ಮನೆಗಳು, ಮನೆಗಳಿಗೆಲ್ಲ ಕಾಂಪೌಂಡು. ಬಾವಿಗೆ ಚಪ್ಪಡಿ ಎಳೆದಿದ್ದಾರೆ. ಇನ್ನೊಂದು ಬದಲಾವಣೆಯನ್ನು ನಾನಲ್ಲದೆ ಯಾರೂ ಗಮನಿಸಿದಂತಿಲ್ಲ. ಆಮೇಲೆ ನಮ್ಮ ವಠಾರದಲ್ಲಿ ಯಾರೂ ಮಗುವನ್ನು ‘ಬಿಟ್ಟು ಹೋಗುತ್ತೇನೆ’ ಎನ್ನಲಿಲ್ಲ. ‘ನಿಮ್ಮನೇಲಿ ಇರ್ತಾಳೆ, ಬಂದುಬಿಡ್ತೀನಿ’ ಎನ್ನತೊಡಗಿದರು. ಬೀಗದ ಕೈಯನ್ನೂ ಹಾಗೆಯೇ, ‘ನಿಮ್ಮನೇಲಿ ಇರುತ್ತೆ’. ಒಂದು ಒಳ್ಳೆಯ ಮಾತು ನಮ್ಮ ಅಂಗಳದಿಂದ ಎದ್ದು ಹೋಯಿತು. ಅದನ್ನು ಎಬ್ಬಿಸಿ ಕಳಿಸಿದವಳು ನಾನು.

ಅಕ್ಕನಂತೂ ಮಗಳನ್ನು ಎಲ್ಲೂ ಇರಿಸಲಿಲ್ಲ. ಐದು ವರ್ಷದಿಂದ ಹೋದಲ್ಲೆಲ್ಲ ಕರೆದುಕೊಂಡೇ ಹೋಗುತ್ತಾಳೆ. ನನ್ನ ಜೊತೆ ಎಂದೂ ಮಾತು ಬಿಟ್ಟವಳಲ್ಲ. ಹಬ್ಬಕ್ಕೆ ಒಬ್ಬಟ್ಟು ಬರುತ್ತದೆ, ‘ಲಾಯರಮ್ಮ’ ಎಂಬ ಕರೆಯೂ ಬರುತ್ತದೆ. ನಾನೀಗ ನಿಜವಾಗಿಯೇ ಕಾನೂನು ಓದುತ್ತಿದ್ದೇನೆ. ಆರೋಪ ಏನೆಂದು ತಿಳಿಸದೆ ಯಾರ ಮೇಲೂ ತೀರ್ಪು ಕೊಡಕೂಡದೆಂದು ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿದೆ. ನಾನು ಅದನ್ನು ‘ಮದ್ಲು ನಂಗೆ ಓದೇಳಿ’ ಎಂದೇ ನೆನಪಿಟ್ಟುಕೊಂಡಿದ್ದೇನೆ.

ಹೋದ ವಾರ ತಾಯಿ ಮಗಳಿಬ್ಬರೂ ನಮ್ಮ ಮನೆಗೆ ಬಂದಿದ್ದರು. ಪುಟ್ಟಿಯನ್ನು ಮಿಡ್ಲ್ ಸ್ಕೂಲಿಗೆ ಸೇರಿಸಲು ಒಂದು ಅರ್ಜಿ ಬೇಕಿತ್ತು. ನಾನು ಬರೆದೆ, ಸಪ್ಪೆ ಮಾತುಗಳಲ್ಲಿ, ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ. ಮುಗಿಸಿ, ಓದಿ ಹೇಳಬೇಕೆಂದು ಕಾಗದ ಎತ್ತಿಕೊಂಡೆ. ಅಕ್ಕ ಕೈ ಚಾಚಿ ಅದನ್ನು ಮೆಲ್ಲಗೆ ನನ್ನಿಂದ ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು. “ಓದು ಮಗ,” ಎಂದಳು. ಪುಟ್ಟಿ ಒಂದೊಂದು ಪದದ ಕೆಳಗೂ ಬೆರಳಿಟ್ಟು, ಒಂದನ್ನೂ ಬಿಡದೆ, ಗಟ್ಟಿಯಾಗಿ ಓದಿದಳು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಸರಿಯಿದೆ ಎಂಬಂತೆ ತಲೆಯಾಡಿಸಿ, ಊದುಬತ್ತಿಯ ಕಪ್ಪು ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಮಸಿಗೆ ಅದ್ದಿದಳು.

ಆ ಹೇಳಿಕೆ ಬರೆದವಳು ನಾನೆಂದು ಐದು ವರ್ಷದಿಂದ ಆಕೆಗೆ ಹೇಳಿರಲಿಲ್ಲ. ಆ ಬೆರಳು ಕಾಗದಕ್ಕೆ ಇಳಿಯುವ ಮೊದಲು ನಾನು ಕೇಳಿಯೇಬಿಟ್ಟೆ.

“ಅಕ್ಕ, ಅವತ್ತು ಅಪ್ಪ ‘ನಾನು’ ಅಂತ ಎದ್ದು ನಿಂತಾಗ, ನೀವು ಅವರನ್ನ ಬಿಟ್ಟು ನನ್ನ ಕಡೆ ಯಾಕೆ ನೋಡಿದ್ರಿ?”